ಟೇಪಣ್ಣ ಬಾಯಿ ಬಿಡದ ಹತ್ತೊಂಬತ್ತು ದಿನ

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಅಳತೆಯ ಟೇಪು ಸದಾ ಕೊರಳಲ್ಲೇ ಇರುತ್ತಿದ್ದುದರಿಂದ ಟೇಪಣ್ಣ ಎಂದರೆ ಸಾಕಿತ್ತು. ಊಟಕ್ಕೆ ಕೂತಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ಒಂದೊಂದು ಸಲ ಅದರ ತುದಿ ತಟ್ಟೆಯೊಳಗೆ ಬಿದ್ದಿರುತ್ತಿತ್ತು. ವಯಸ್ಸು ಐವತ್ತೆಂಟು, ಮದುವೆಯಾಗಿರಲಿಲ್ಲ, ಹೊಲಿಗೆ ಅಂಗಡಿಯ ಹಿಂದಿನ ಕೋಣೆಯೇ ಮನೆ. ಗಿರಾಕಿ ಬಾಗಿಲಿಗೆ ಬಂದು ಬಾಯಿ ತೆರೆಯುವ ಮೊದಲೇ ಎದೆಯ ಸುತ್ತಳತೆ ಹೇಳಿಬಿಡುತ್ತಿದ್ದ, ಹೇಳಿದ್ದು ಸರಿಯಾಗಿಯೂ ಇರುತ್ತಿತ್ತು. ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ತಾನು ಒಳ್ಳೆಯವನು ಎಂಬುದು ಅವನಿಗೆ ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು. ತಾಪತ್ರಯ ಶುರುವಾದದ್ದು ಅಲ್ಲಿಂದ.

ಎರಡು ಬೀದಿ ಆಚೆ ಅವನ ಅಕ್ಕನ ಮನೆ. ಭಾವ ತೀರಿಕೊಂಡು ವರ್ಷಗಳಾಗಿದ್ದವು, ಅಕ್ಕನಿಗೆ ಒಬ್ಬನೇ ಮಗ. ಆ ಸೋದರಳಿಯ ಬೆಳೆದದ್ದು ಹೆಚ್ಚುಕಡಿಮೆ ಟೇಪಣ್ಣನ ಅಂಗಡಿಯಲ್ಲೇ. ಈಗ ಇಪ್ಪತ್ತೇಳರ ಗಂಡಸು, ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಅಮ್ಮನ ಹತ್ತಿರ ಹೇಳಲಾಗದ್ದನ್ನೆಲ್ಲ ಮಾವನ ಹತ್ತಿರ ಹೇಳುವುದು ಅವನ ರೂಢಿ.

ಒಂದು ರಜೆಯ ದಿನ ಬೆಳಿಗ್ಗೆ ಬಂದು, ಗುಂಡಿಯ ಡಬ್ಬಿಯನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಕೊನೆಗೆ ಹೇಳಿದ.

"ಮಾವ, ನನಗೆ ಹುಡುಗಿಯರ ಮೇಲೆ ಮನಸ್ಸಾಗಲ್ಲ. ಒಬ್ಬರಿದ್ದಾರೆ. ಗಂಡಸು. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಇದು ನಿಮ್ಮಲ್ಲೇ ಇರಲಿ. ಅಮ್ಮನಿಗೆ ನಾನೇ ಯಾವತ್ತಾದ್ರೂ ಹೇಳ್ತೀನಿ."

ಟೇಪಣ್ಣ ಕತ್ತರಿ ಕೆಳಗಿಟ್ಟ. "ನೀನು ಹೇಗಿದ್ರೂ ನನ್ನ ಅಳಿಯನೇ ಕಣೋ," ಎಂದ. ಹುಡುಗ ಅವನ ಹೆಗಲಿಗೆ ಒರಗಿ ಗಳಗಳನೆ ಅತ್ತುಬಿಟ್ಟ. ಇಷ್ಟಕ್ಕೇ ನಿಲ್ಲಿಸಿದ್ದರೆ ಟೇಪಣ್ಣನಂಥ ಮಾವ ಇನ್ನೊಬ್ಬನಿಲ್ಲ ಎಂದು ನಾನೇ ಬರೆಯುತ್ತಿದ್ದೆ.

ಆದರೆ ಅವನು ಏನನ್ನೂ ಕೇಳಲಿಲ್ಲ, ತಾನೇ ಎಲ್ಲ ಅರ್ಥಮಾಡಿಕೊಂಡ. ಗಂಡಸನ್ನು ಇಷ್ಟಪಡುತ್ತಾನೆ ಎಂದರೆ ಇವನು ಒಳಗೊಳಗೆ ಹೆಣ್ಣು, ಪಾಪ, ಹೇಳಿಕೊಳ್ಳಲು ನಾಚಿಕೆ. ಹೀಗೆ ತೀರ್ಮಾನಿಸಿ ಮರುದಿನವೇ ಕಡು ಹಸಿರು ಬಟ್ಟೆ ತಂದ. ಅಳಿಯನ ಅಳತೆ ಬಾಯಿಪಾಠವಾಗಿತ್ತು. ಅಗಲ ಭುಜಕ್ಕೆ ಹೊಂದುವ ಹಾಗೆ, ಕಂಕುಳಲ್ಲಿ ಎಳೆಯದ ಹಾಗೆ, ಉದ್ದದ ಗೌನೊಂದನ್ನು ಹೊಲಿಯಲು ಕೂತ. ಯಾವ ಗಿರಾಕಿಗೂ ಅಷ್ಟು ಚಂದ ಹೊಲಿದವನಲ್ಲ. ಹೊಲಿಯುತ್ತ ಹೊಲಿಯುತ್ತ ತನ್ನ ದೊಡ್ಡ ಮನಸ್ಸಿಗೆ ತಾನೇ ಕಣ್ಣೀರು ಹಾಕಿದ.

ಆಮೇಲೆ ಅವನಿಗೆ ಇನ್ನೊಂದು ಹೊಳೆಯಿತು. ಮಗ ಗೌನು ಹಾಕಿಕೊಂಡು ಎದುರಿಗೆ ನಿಂತರೆ ಅಕ್ಕನ ಎದೆ ಒಡೆದುಹೋದೀತು, ಮುಂಚೆಯೇ ಒಂದು ಮಾತು ಕಿವಿಗೆ ಹಾಕಿಟ್ಟರೆ ಒಳ್ಳೆಯದು. ಇಂಥ ಉಪಕಾರವನ್ನು ಯಾರೂ ಅವನಲ್ಲಿ ಕೇಳಿರಲಿಲ್ಲ. ಅಕ್ಕ ಇಸ್ತ್ರಿ ಹಾಕುತ್ತಿದ್ದಾಗ ಹೋಗಿ, "ನಿನ್ನ ಮಗ ಒಳಗೆ ಹೆಣ್ಣು ಅಕ್ಕಾ. ಯಾರೋ ಮೇಷ್ಟ್ರ ಮೇಲೆ ಮನಸ್ಸಿದೆಯಂತೆ. ಬೈಬೇಡ. ನಾನು ಹೇಳ್ದೆ ಅಂತ ಮಾತ್ರ ಬಾಯಿ ಬಿಡಬೇಡ," ಎಂದ. ಅಕ್ಕ ಇಸ್ತ್ರಿಯ ಕೈಯನ್ನು ಎತ್ತದೆ ಹಾಗೇ ನಿಂತಳು. ಇಸ್ತ್ರಿಪೆಟ್ಟಿಗೆಯ ಕೆಳಗೆ ದಿಂಬಿನ ಹೊದಿಕೆ ಕಂದಿಹೋಯಿತು.

ನಾಲ್ಕನೆಯ ದಿನ ಗೌನು ಮುಗಿದು ಗೋಡೆಯ ಕೊಕ್ಕೆಯಲ್ಲಿ ನೇತಾಡುತ್ತಿತ್ತು. ಸಂಜೆ ಅಳಿಯ ಬಂದ. ಮುಖ ಬಾಡಿತ್ತು.

"ಯಾರೋ ಅಮ್ಮನಿಗೆ ಹೇಳಿಬಿಟ್ಟಿದ್ದಾರೆ ಮಾವ. ಅದೂ ಏನೇನೋ. ನಾನು ಹೆಣ್ಣಂತೆ. ಅಮ್ಮ ಎರಡು ದಿನದಿಂದ ಅಳ್ತಿದ್ದಾಳೆ. ನಿನ್ನೆ ನನ್ನ ಕೈ ಹಿಡ್ಕೊಂಡು, ಮಗಳು ಅಂತ ಕರೀಬೇಕಾ ನಿನ್ನ, ಅಂತ ಕೇಳಿದಳು. ಯಾರು ಹೇಳಿದ್ದು ಅಂದ್ರೆ ಬಾಯಿ ಬಿಡ್ತಿಲ್ಲ."

"ಅಲ್ಲ ಕಣೋ... ನೀನು ಅದೇ ತಾನೇ..." ಎಂದು ಟೇಪಣ್ಣ ತೊದಲಿದ.

"ಅದಲ್ಲ ಮಾವ." ಹುಡುಗ ತಾಳ್ಮೆಯಿಂದ, ಕಣ್ಣು ಮಂಜಾದ ಗಿರಾಕಿಗೆ ಅಕ್ಷರ ತೋರಿಸುವ ಹಾಗೆ ಹೇಳಿದ. "ನಾನು ಯಾರು ಅನ್ನೋದು ಒಂದು. ನನಗೆ ಯಾರು ಇಷ್ಟ ಅನ್ನೋದು ಇನ್ನೊಂದು. ನಮ್ಮ ಅಂಗಡಿಗೆ ಒಬ್ಬರು ಬರ್ತಾರೆ. ಹುಟ್ಟಿದಾಗ ಎಲ್ಲರೂ ಗಂಡು ಅಂದ್ರು, ಆದ್ರೆ ಅವರು ಹೆಣ್ಣು. ಟ್ರಾನ್ಸ್ ಅಂತಾರೆ. ಅದು ಅವರು ಯಾರು ಅನ್ನೋದು. ಅವರು ಯಾರನ್ನ ಪ್ರೀತಿಸ್ತಾರೆ ಅನ್ನೋದು ಅದರಿಂದ ಗೊತ್ತಾಗಲ್ಲ, ಅದು ಬೇರೆ ಮಾತು. ನಾನು ಗಂಡಸೇ, ಅದರಲ್ಲಿ ನನಗೆ ಯಾವತ್ತೂ ಅನುಮಾನ ಬಂದಿಲ್ಲ. ನನಗೆ ಇಷ್ಟ ಆಗೋರೂ ಗಂಡಸರು. ಅದಕ್ಕೆ ಗೇ ಅಂತಾರೆ. ಅಷ್ಟೇ."

ಅಷ್ಟೇ. ಮಗುವಿಗೂ ತಿಳಿಯುವ ಮಾತು. ಮೊದಲ ದಿನವೇ ಒಂದು ಪ್ರಶ್ನೆ ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಟೇಪಣ್ಣನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ಇದು ಗೊತ್ತಿದ್ದೋರು ಇಬ್ಬರೇ ಮಾವ, ನೀವು ಮತ್ತು ಮೇಷ್ಟ್ರು. ನೀವಂತೂ ಹೇಳೋರಲ್ಲ. ಅಮ್ಮನ ಹತ್ತಿರ ಹೇಳಿಬಿಡೋಣ ಅಂತ ಅವರು ಯಾವಾಗಲೂ ಅವಸರ ಮಾಡ್ತಿದ್ರು. ಇವತ್ತು ಹೋಗಿ ಕೇಳಿದೆ, ಇಲ್ಲ ಅಂದ್ರು. ಸುಳ್ಳು ಹೇಳಬೇಡಿ, ಇನ್ನು ಮುಖ ತೋರಿಸಬೇಡಿ ಅಂತ ಹೇಳಿ ಬಂದುಬಿಟ್ಟೆ."

ಬಾಯಿ ಬಿಡಬೇಕಾದದ್ದು ಆ ಗಳಿಗೆಯಲ್ಲಿ. 'ಹೇಳಿದ್ದು ನಾನು' ಎಂಬ ಎರಡೇ ಎರಡು ಪದ. ಅಷ್ಟರಲ್ಲಿ ಹುಡುಗನ ಕಣ್ಣು ಗೋಡೆಯ ಮೇಲೆ ಹೋಯಿತು.

"ಅದು ಯಾರಿಗೆ ಮಾವ?"

"ಒಬ್ಬ ಗಿರಾಕಿಗೆ," ಎಂದ ಟೇಪಣ್ಣ. "ದೊಡ್ಡ ಆಳು."

"ಚೆನ್ನಾಗಿದೆ," ಎಂದು ಹುಡುಗ ಮೂಗು ಒರೆಸಿಕೊಂಡ. ಟೇಪಣ್ಣ ಎದುರಿನ ಅಂಗಡಿಯಿಂದ ಅವನಿಗೆ ಚಹಾ ತರಿಸಿಕೊಟ್ಟ.

ಅವನು ಆಚೆ ಹೋದ ಮೇಲೆ ಗೌನನ್ನು ಕೆಳಗಿಳಿಸಿ, ಬ್ಲೇಡು ಹಿಡಿದು ಹೊಲಿಗೆಯೆಲ್ಲ ಬಿಚ್ಚಿದ. ಬಿಚ್ಚಿದರೆ ಆಡಿದ ಮಾತು ಹಿಂದೆ ಬಂದೀತೇ? ನಾಳೆ ಹೇಳುತ್ತೇನೆ ಎಂದುಕೊಂಡ. ನಾಳೆ ಬಂದಿತು, ಹುಡುಗನೂ ಬಂದ, ಚಹಾ ಕುಡಿದು ಹೋದ. ಅಮ್ಮನ ಮುಖ ನೋಡಲಾಗದೆ ದಿನಾ ಸಂಜೆ ಮಾವನ ಅಂಗಡಿಯಲ್ಲೇ ಕೂರತೊಡಗಿದ. "ನೀವೊಬ್ಬರೇ ಮಾವ ನನಗೆ," ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ಟೇಪಣ್ಣ ಯಂತ್ರಕ್ಕೆ ಎಣ್ಣೆ ಬಿಡುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದ. ಅಷ್ಟು ಎಣ್ಣೆ ಯಾವ ಯಂತ್ರಕ್ಕೂ ಬೇಡ. ಆ ಸಂಜೆಯೇ ಹೇಳಿದ್ದರೆ ಪೆದ್ದ ಎನ್ನಿಸಿಕೊಳ್ಳುತ್ತಿದ್ದ, ವಾರ ಕಳೆದ ಮೇಲೆ ಹೇಳಿದರೆ ಕಳ್ಳನಾಗುತ್ತಿದ್ದ. ಹೀಗೆ ಲೆಕ್ಕ ಹಾಕುತ್ತಲೇ ಎರಡನೆಯ ವಾರವೂ ಸರಿಯಿತು. ಒಂದು ಕೋಟಿಗೆ ಎರಡೂ ಎಡಗೈ ತೋಳು ಕತ್ತರಿಸಿಟ್ಟ. ಗಿರಾಕಿಗಳು ವಯಸ್ಸಾಯಿತು ಎಂದು ನಕ್ಕರು, ಅವನೂ ಹೌದೆಂದ.

ಆ ಸಂಜೆಯಿಂದ ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಒಬ್ಬರು ಬಂದರು. ತೆಳ್ಳಗಿನ ಮನುಷ್ಯ, ಅಂಗಿಯ ತೋಳಿನಲ್ಲಿ ಸೀಮೆಸುಣ್ಣದ ಗುರುತು, ಕೈಯಲ್ಲೊಂದು ಚೀಲ.

"ನಿಮ್ಮ ಅಳಿಯನ ಸ್ವೆಟರು, ಎರಡು ಪುಸ್ತಕ ಇದೆ ಇದರಲ್ಲಿ. ಕೊಟ್ಟುಬಿಡಿ. ನನ್ನ ಕೈಯಿಂದ ತಗೊಳ್ಳಲ್ಲ ಅವನು." ಮೇಷ್ಟ್ರು ಚೀಲವನ್ನು ಮುಂದೆ ಹಿಡಿದರು. "ನಿಮ್ಮ ವಿಷಯ ತುಂಬಾ ಹೇಳ್ತಿದ್ದ. ಒಂದು ಮಾತು ಅವನಿಗೆ ತಿಳಿಸ್ತೀರಾ? ನಾನು ಯಾರಿಗೂ ಹೇಳಿಲ್ಲ. ನೀವು ಹೇಳಿದ್ರೆ ನಂಬ್ತಾನೆ."

ಟೇಪಣ್ಣ ಚೀಲಕ್ಕೆ ಕೈ ಚಾಚಿದವನು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.

"ಹೇಳಿದ್ದು ನಾನು ಮೇಷ್ಟ್ರೇ," ಎಂದ. ಇಷ್ಟು ದಿನ ಬಾರದ ಮಾತು ಗುರುತಿಲ್ಲದವರ ಎದುರು ಸಲೀಸಾಗಿ ಬಂದುಬಿಟ್ಟಿತು. ಅದಕ್ಕೂ ಅವನಿಗೆ ನಾಚಿಕೆಯಾಯಿತು.

ಮೇಷ್ಟ್ರು ಚೀಲವನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. "ನನಗೆ ಯಾಕೆ ಹೇಳ್ತೀರಿ? ಅವನಿಗೆ ಹೇಳಿ," ಎಂದಷ್ಟೇ ಅಂದರು.

ಇಬ್ಬರೂ ಕನ್ನಡಕದ ಅಂಗಡಿಯವರೆಗೆ ನಡೆದರು. ಮೇಷ್ಟ್ರು ಹೊರಗೇ ನಿಂತರು. ಒಳಗೆ ಎಲ್ಲೆಲ್ಲೂ ಕನ್ನಡಿ. ಎತ್ತ ತಿರುಗಿದರೂ ಟೇಪಣ್ಣನಿಗೆ ತನ್ನದೇ ಮುಖ, ಕಣ್ಣಿಡಲು ಜಾಗವಿಲ್ಲ. ಅಳಿಯ ಗಾಜು ಉಜ್ಜುತ್ತಿದ್ದವನು ತಲೆಯೆತ್ತಿ, "ಏನು ಮಾವ, ಈ ಹೊತ್ತಲ್ಲಿ?" ಎಂದು ನಕ್ಕ. ಆ ನಗು ನೋಡಿದ ಮೇಲೆ ಹೇಳಬೇಕಾಯಿತು.

"ಅಕ್ಕನಿಗೆ ಹೇಳಿದ್ದು ನಾನು. ತಪ್ಪು ತಿಳ್ಕೊಂಡಿದ್ದೆ, ನೀನು ಹೆಣ್ಣು ಅಂತ. ಆ ಗೌನೂ ನಿನಗೇ ಹೊಲಿದಿದ್ದು."

"ಗೌನಾ? ನನಗಾ?" ಹುಡುಗನ ಮುಖದಲ್ಲಿ ಒಂದು ಕ್ಷಣ ನಗು ಬಂದ ಹಾಗಾಗಿ ಮಾಯವಾಯಿತು. "ನಾನು ಅವರನ್ನ ಬೈದು ಬಂದ ದಿನ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಚಹಾ ತರಿಸಿದ್ರಿ."

ಟೇಪಣ್ಣ ಬಾಗಿಲ ಕಡೆ ಕೈ ತೋರಿಸಿದ. "ಮೇಷ್ಟ್ರು ಹೊರಗಿದ್ದಾರೆ," ಎಂದ. ಹುಡುಗ ಗಾಜನ್ನು ಮೇಜಿನ ಮೇಲಿಟ್ಟು ಹೊರಗೆ ಓಡಿದ.

ಬಾಗಿಲಿನ ಗಾಜಿನಾಚೆ ಇಬ್ಬರೂ ಕಾಣುತ್ತಿದ್ದರು, ಮಾತು ಕೇಳಿಸುತ್ತಿರಲಿಲ್ಲ. ಹುಡುಗ ಏನೋ ಹೇಳಿದ, ಕೈ ಮುಗಿದ. ಮೇಷ್ಟ್ರು ಆ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿದರು. ಆಮೇಲೆ ಚೀಲವನ್ನು ಅವನಿಗೆ ಕೊಟ್ಟು, ಬಸ್ಸು ನಿಲ್ಲುವ ಕಡೆಗೆ ಒಬ್ಬರೇ ಹೊರಟುಹೋದರು.

ಹುಡುಗ ಒಳಗೆ ಬಂದು ಚೀಲವನ್ನು ಕುರ್ಚಿಯ ಮೇಲಿಟ್ಟ.

"ಅಮ್ಮನ ಹತ್ತಿರ ಹೋಗಿ, ನಾನು ತಪ್ಪು ತಿಳ್ಕೊಂಡು ಹೇಳ್ದೆ ಅಂತ ಹೇಳಿ. ಅಷ್ಟೇ ಹೇಳಿ ಮಾವ. ಉಳಿದದ್ದನ್ನ ನಾನು ಹೇಳ್ಕೊತೀನಿ."

"ಹೇಳ್ತೀನಿ. ಮೇಷ್ಟ್ರು... ಏನಂದ್ರು?"

"ನೀವು ಹೇಳಿದ್ದನ್ನ ಅವರು ಕ್ಷಮಿಸಿದ್ದಾರೆ," ಎಂದ ಹುಡುಗ. "ಗೊತ್ತಿಲ್ಲದೆ ಮಾಡಿದ್ದಾರೆ, ಪಾಪ, ವಯಸ್ಸಾದೋರು ಅಂದ್ರು. ನಾನು ಅವರನ್ನ ನಂಬದೆ ಹೋದೆನಲ್ಲ, ಅದನ್ನ ಮಾತ್ರ ಕ್ಷಮಿಸೋಕೆ ಆಗಲ್ಲ ಅಂದ್ರು."

ಅಷ್ಟರಲ್ಲಿ ಗಿರಾಕಿಯೊಬ್ಬರು ಬಂದು ಹಿಂದೆ ನಿಂತರು. "ಬನ್ನಿ, ಕೂತ್ಕೊಳ್ಳಿ," ಎಂದು ಹುಡುಗ ಅವರನ್ನು ಕರೆದ. ತಾನು ದಾರಿಗೆ ಅಡ್ಡ ನಿಂತಿದ್ದೇನೆ ಎಂದು ಟೇಪಣ್ಣನಿಗೆ ಆಗ ತಿಳಿಯಿತು. ಅವನು ಪಕ್ಕಕ್ಕೆ ಸರಿದುಕೊಂಡ.