ಎಣ್ಣೆ ಹಚ್ಚಿದ ಬಿಲ್ಲೆ

ಈ ಸಂಗತಿ ಕೇಳಿದವರೆಲ್ಲ, ‘ನೀನು ಸ್ವಲ್ಪ ದೊಡ್ಡ ಮನಸ್ಸು ಮಾಡಬಹುದಿತ್ತು’ ಎನ್ನುತ್ತಾರೆ. ಮಾಡಬಹುದಿತ್ತು. ಮಾಡಲಿಲ್ಲ. ಇವತ್ತಿಗೂ ಅದಕ್ಕೆ ಪಶ್ಚಾತ್ತಾಪವಿಲ್ಲ.

ಎಣ್ಣೆ ಬೆರೆತ ನೀರಿನಿಂದ ನೀರನ್ನಷ್ಟೇ ಕೆಳಗಿಳಿಸುವ ಪೊರೆ ಮಾಡುವುದು ನನ್ನ ಸಂಶೋಧನೆ. ಪೊರೆ ಎಂದರೆ ತೆಳ್ಳಗಿನದ್ದಲ್ಲ, ಅಂಗೈಯಗಲದ ಬಿಲ್ಲೆ. ನಮ್ಮೂರು ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವಲ್ಲಿ ರಾಶಿ ಬೀಳುವ ಪುಡಿ, ಚಿಂಚೋಳಿ ಕಡೆಯ ಕೆಂಪು ಮಣ್ಣು ಎರಡನ್ನೂ ಕಲಸಿ, ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಡುತ್ತಿದ್ದೆ. ಕಾವಿಗೆ ಕಲ್ಲಿನ ಪುಡಿಯಿಂದ ಅನಿಲ ಹೊರಟು ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಬಿರುಕು ಬಿಟ್ಟದ್ದೆಷ್ಟೋ, ಸೊಟ್ಟಗಾದದ್ದೆಷ್ಟೋ! ಸರಿಯಾದ ಬಿಲ್ಲೆ ಕೈಗೆ ಬರುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು. ಅದಕ್ಕಿರುವುದು ಒಂದೇ ಕಟ್ಟಳೆ: ಮೊದಲು ನೀರಲ್ಲಿ ನೆನೆಸಬೇಕು. ರಂಧ್ರಗಳಲ್ಲಿ ನೀರು ಕೂತರೆ ಎಣ್ಣೆಗೆ ಜಾಗವಿಲ್ಲ. ಎಣ್ಣೆಯೇ ಮೊದಲು ಹೊಕ್ಕರೆ ಆ ಬಿಲ್ಲೆಯ ಕಥೆ ಮುಗಿಯಿತು.

ಆ ಮೂರು ವರ್ಷದಲ್ಲಿ ನನ್ನ ಗೈಡ್ ಸರ್ ಲ್ಯಾಬಿಗೆ ಬಂದದ್ದು ಫೋಟೊ ತೆಗೆಸಿಕೊಳ್ಳಲು ಮಾತ್ರ. ಓದಿ ಕೊಡುತ್ತೇನೆಂದು ನನ್ನ ನೋಟ್‌ಬುಕ್ ಒಯ್ದವರು ಸೇಡಂನ ಒಂದು ಸಭೆಯಲ್ಲಿ ನಾನು ಬರೆದ ಚಿತ್ರಗಳನ್ನೇ ಗೋಡೆಯ ಮೇಲೆ ಮೂಡಿಸಿ, ತಮ್ಮ ಶೋಧನೆ ಎಂದು ಚಪ್ಪಾಳೆ ಹೊಡೆಸಿಕೊಂಡರು. ನನ್ನ ಹೆಸರು ಎಲ್ಲೂ ಇರಲಿಲ್ಲ. ಹೊರಗೆ ಬಂದು ಕೇಳಿದೆ.

“ಕೆಲಸ ನಿಂದಾದರ ಏನಾತವಾ? ತಲಿ ನಂದದ” ಎಂದು ನಕ್ಕರು.

ಅವತ್ತಿನಿಂದ ನಾನು ಕಾಯುತ್ತಲೇ ಇದ್ದೆ.

ವಾಡಿ ಪಟ್ಟಣದಲ್ಲಿ ಸಿಮೆಂಟ್ ಲಾರಿ ತೊಳೆಯುವ ಗ್ಯಾರೇಜೊಂದರಲ್ಲಿ ಸರ್ಕಾರಿ ಅಧಿಕಾರಿಗಳೆದುರು ಬಿಲ್ಲೆಯ ಪರೀಕ್ಷೆ ನಿಗದಿಯಾಯಿತು. ನೆನೆಸಿದ ಬಿಲ್ಲೆಗಳನ್ನು ಬಕೆಟ್ಟಿನಲ್ಲಿ ಒಯ್ದಿದ್ದೆ. ತೋರಿಸಲೆಂದು ಒಣ ಬಿಲ್ಲೆಯೊಂದನ್ನು ಮೇಜಿನ ಮೇಲಿಟ್ಟಿದ್ದೆ. ಸರ್ ಅದನ್ನೆತ್ತಿ ಮೂಗು ಮುರಿದರು.

“ಎಷ್ಟ್ ಮಂಕ್ ಕಾಣ್ತದ! ಶಹಾಬಾದಿ ಕಲ್ಲಂತ ಎಲ್ಲರಿಗೂ ಹೇಳೀನಿ.”

ನಮ್ಮ ಕಡೆ ಮನೆಯಲ್ಲಿ ಮದುವೆಯಿದ್ದರೆ ನೆಲದ ಶಹಾಬಾದಿ ಕಲ್ಲಿಗೆ ಎಣ್ಣೆಬಟ್ಟೆ ಒರೆಸುತ್ತಾರೆ, ಕಲ್ಲು ಕರ್ರಗೆ ಮಿಂಚುತ್ತದೆ. ಸರ್ ಕೂಡ ಅದನ್ನೇ ಮಾಡಿದರು. ಉದ್ಘಾಟನೆಯ ದೀಪಕ್ಕೆ ತಂದಿದ್ದ ಕುಸುಬಿ ಎಣ್ಣೆಯಲ್ಲಿ ಕರವಸ್ತ್ರ ಅದ್ದಿ, ಬಿಲ್ಲೆಯ ಎರಡೂ ಬದಿ ತಿಕ್ಕಿ, ತಾವೇ ನೀರು ಸೋಸುವ ಯಂತ್ರಕ್ಕೆ ಕೂಡಿಸಿದರು.

“ಈಗ ನೋಡವಾ, ಹ್ಯಾಂಗ ಮಿಂಚಾಕತ್ತದ!”

ಒಣ ಬಿಲ್ಲೆಗೆ ನೀರಿಗಿಂತ ಮೊದಲೇ ಎಣ್ಣೆ ಹೊಕ್ಕಿತ್ತು.

“ಭಾಳ ಚಂದ ಕಾಣ್ತದ ಸರ್” ಎಂದೆ.

ಅಧಿಕಾರಿಗಳು ಬಂದರು, ದೀಪ ಹಚ್ಚಿದರು. ಸರ್ ಅರ್ಧ ಗಂಟೆ ಮಾತಾಡಿದರು. ಲಾರಿ ತೊಳೆದ ಕಪ್ಪು ಜಿಡ್ಡುನೀರು ಸುರಿದರೆ ಕೆಳಗೆ ಒಂದು ಹನಿಯೂ ಬೀಳಲಿಲ್ಲ. ಪಂಪಿನ ಒತ್ತಡ ಏರಿಸಿದಾಗ ಮೇಲಿದ್ದ ಜಿಡ್ಡೇ ಕೆಳಗೂ ಇಳಿಯಿತು.

“ಏನ್ರಿ ಇದು? ಹೊಲಸು ನೀರೇ ಬರಾಕತ್ತದಲ್ಲ!” ಎಂದರು ಹಿರಿಯ ಅಧಿಕಾರಿ.

ಸರ್ ಬೆರಳು ನನ್ನ ಕಡೆ ತಿರುಗಿತು.

“ಇದು ಆಕಿದ್ರಿ. ಮೂರು ವರ್ಷದಿಂದ ಆಕೀನೇ ಮಾಡ್ಯಾಳ. ನಾ ಕೈ ಸೈತ ಹಚ್ಚಿಲ್ಲ.”

ಅಷ್ಟು ಜನರೆದುರು, ಅವರದೇ ಬಾಯಿಂದ! ನನಗೆ ಬೇಕಾಗಿದ್ದದ್ದು ಅದೇ ಮಾತು.

“ಹೌದ್ರಿ, ನಂದೇ” ಎಂದು ಮುಂದೆ ಹೋದೆ. ಜಿಡ್ಡಾದ ಬಿಲ್ಲೆ ತೆಗೆದು ಬಕೆಟ್ಟಿನಲ್ಲಿದ್ದುದನ್ನು ಕೂಡಿಸಿ, ಅದೇ ಕಪ್ಪು ನೀರು ಸುರಿದೆ. ಹನಿ ಹನಿಯಾಗಿ ಗಾಜಿನ ಲೋಟಕ್ಕೆ ತಿಳಿನೀರು ಬಿತ್ತು. ಅಧಿಕಾರಿ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು.

“ಮತ್ತ ಮೊದಲಿಂದು ಯಾಕ ಕೆಟ್ಟಿತವಾ?”

“ಯಾರೋ ಎಣ್ಣಿ ಹಚ್ಯಾರ‍್ರಿ. ಸರ್ ಅಂತೂ ಅಲ್ಲ. ಕೈ ಹಚ್ಚಿಲ್ಲಂತ ಈಗ ಅವರೇ ಹೇಳಿದರಲ್ರಿ.”

ಸರ್ ಕರವಸ್ತ್ರವನ್ನು ಅವಸರದಿಂದ ಜೇಬಿಗೆ ತುರುಕಿದರು. ಬಿಳಿ ಅಂಗಿಯ ಮೇಲೆ ಎಣ್ಣೆ ನಿಧಾನಕ್ಕೆ ಹರಡತೊಡಗಿತು. ಎಲ್ಲರಿಗೂ ಕಾಣುತ್ತಿತ್ತು, ಅವರೊಬ್ಬರನ್ನು ಬಿಟ್ಟು.