ಇಳಿಯಬೇಡ, ಹೋಗು

ಹಳೆಯ ಕೋಟನ್ನು ಬಿಸಿಲಿಗೆ ಹಾಕೋಣವೆಂದು ತೆಗೆದಾಗ ಒಳಜೇಬಿನಿಂದ ಪ್ಯಾಂಟಿನ ಕ್ಲಿಪ್ಪೊಂದು ಬಿತ್ತು. ಬಲಗಾಲಿನ ಪ್ಯಾಂಟು ಚೈನಿಗೆ ಸಿಕ್ಕದಿರಲೆಂದು ಸೈಕಲ್ ತುಳಿಯುವವರು ಹಾಕಿಕೊಳ್ಳುತ್ತಿದ್ದ ಉಕ್ಕಿನ ಬಳೆ. ತುಕ್ಕು ಹಿಡಿದಿದೆ. ಮೂಸಿದರೆ ಇನ್ನೂ ಗ್ರೀಸಿನ ವಾಸನೆ... ಅಥವಾ ಅದು ನನ್ನ ಭ್ರಮೆಯೋ ಏನೋ. ಕ್ಲಿಪ್ಪು ನನ್ನದಲ್ಲ. ಎಂಬತ್ತರ ದಶಕದಲ್ಲಿ ನಾವು ಕುವೈತಿನ ಮೈದಾನ್ ಹವಲ್ಲಿಯಲ್ಲಿದ್ದಾಗ ಎದುರು ಫ್ಲ್ಯಾಟಿನಲ್ಲಿದ್ದವರದು.

ಎದುರುಮನೆಯವರು ಸಿಟಿಯ ಬ್ಯಾಂಕೊಂದರಲ್ಲಿದ್ದರು. ನಮ್ಮೂರಿನವರೇ, ಹೈಸ್ಕೂಲಿನಲ್ಲಿ ನನ್ನ ಅಪ್ಪನ ಶಿಷ್ಯರು. ನನಗಿಂತ ದೊಡ್ಡವರಾದರೂ, ಮೇಷ್ಟ್ರ ಮಗ ಅನ್ನುವ ಒಂದೇ ಕಾರಣಕ್ಕೆ ನನ್ನನ್ನು ಎಂದೂ ಏಕವಚನದಲ್ಲಿ ಕರೆಯಲಿಲ್ಲ. ಬ್ಯಾಂಕು ಬಿಟ್ಟರೆ ಅವರಿಗಿದ್ದ ಹುಚ್ಚು ಸೈಕಲ್ ಕಟ್ಟುವುದು. ಅದೂ ಮಾಮೂಲಿ ಸೈಕಲಲ್ಲ, ಫಿಕ್ಸೆಡ್ ಗೇರಿನದು. ನಮ್ಮ ಸೈಕಲ್ಲುಗಳಲ್ಲಿ ಇಳಿಜಾರು ಬಂದರೆ ಕಾಲಿಗೆ ವಿರಾಮ. ಇದರಲ್ಲಿ ಹಾಗಿಲ್ಲ. ಚಕ್ರ ಉರುಳುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತದೆ, ಕಾಲೂ ಅದರ ಜೊತೆಗೆ ತಿರುಗಬೇಕು. ಬ್ರೇಕಿಲ್ಲ, ಪೆಡಲನ್ನು ಹಿಂದಕ್ಕೆ ಒತ್ತಿಯೇ ನಿಲ್ಲಿಸಬೇಕು.

"ಸುಮ್ನೆ ಕೂರಕ್ಕೆ ಬಿಡಲ್ಲ ಸ್ವಾಮಿ ಇದು, ಸಂಸಾರ ಇದ್ದ ಹಾಗೆ," ಎಂದು ನಗುತ್ತಿದ್ದರು.

ಊರಿಗೆ ಮರಳಿದ ಬ್ರಿಟಿಷ್ ಇಂಜಿನಿಯರೊಬ್ಬ ಬಿಟ್ಟುಹೋಗಿದ್ದ ಫ್ರೇಮೊಂದು ಅವರ ಕೈಗೆ ಬಂದಿತ್ತು. ಅದರ ಮುರಿದ ಭಾಗವನ್ನು ರಾಯ್ ಎಂಬ ಗ್ಯಾರೇಜುಗಳ ಬಡಾವಣೆಯ ವರ್ಕ್‌ಶಾಪೊಂದರಲ್ಲಿ ಪಠಾಣ ಭಾಯಿಯೊಬ್ಬನಿಂದ ಬೆಸೆಸಿಕೊಂಡು ತಂದರು. ಆಮೇಲೆ ಸಂಜೆ ಸಂಜೆ ಬಾಲ್ಕನಿಯಲ್ಲಿ ಕೂತು ಚಕ್ರದ ಕಡ್ಡಿಗಳನ್ನು ಬಿಗಿಯುವುದು, ತಿರುಗಿಸಿ ನೋಡುವುದು, ಮತ್ತೆ ಸಡಿಲಿಸುವುದು. ಬಟ್ಟೆ ಒಣಗಿಸುವ ತಂತಿಯ ತುಂಬ ಟೈರುಗಳು. "ಇವ್ರು ಚಕ್ರಾನೇ ಮದುವೆ ಆಗ್ಬೇಕಿತ್ತು," ಎಂದು ಅವರ ಹೆಂಡತಿ ನನ್ನವಳ ಮುಂದೆ ದೂರುತ್ತಿದ್ದರು. ಕಟ್ಟಿ ಮುಗಿದ ಮೇಲೆ ಪ್ರತಿ ಶುಕ್ರವಾರ ಬೆಳಿಗ್ಗೆ ಸಮುದ್ರದ ದಂಡೆಯ ರಸ್ತೆಯಲ್ಲಿ ಅವರ ಸವಾರಿ. ವಾರವಿಡೀ ಬೇರೆಯವರ ಲೆಕ್ಕ ನೋಡಿ ಬಾಗಿದ ಆ ಮನುಷ್ಯ ಅಲ್ಲಿ ಮಾತ್ರ ರಾಜನಂತಿರುತ್ತಿದ್ದರು.

ಆ ವರ್ಷ ಚಳಿಗಾಲದಲ್ಲಿ ಅಪ್ಪ ನಮ್ಮಲ್ಲಿಗೆ ಬಂದರು. ಅಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮೂರಿನಲ್ಲಿ ಸೈಕಲ್ ಮೇಲೆ ಹೋಗುವ ಹುಡುಗ ಎದುರಿಗೆ ಮೇಷ್ಟ್ರನ್ನು ಕಂಡರೆ ಇಳಿಯಬೇಕು. ನಾಲ್ಕು ಹೆಜ್ಜೆ ತಳ್ಳಿಕೊಂಡು ಹೋಗಿ ಆಮೇಲೆ ಹತ್ತಬೇಕು. ಎಲ್ಲ ಮೇಷ್ಟ್ರುಗಳೂ ಇದನ್ನು ಬಯಸುತ್ತಿದ್ದರು, ಅಪ್ಪ ವಸೂಲಿ ಮಾಡುತ್ತಿದ್ದರು. ಇಳಿಯದವನು ಮಾರನೆಯ ದಿನ ಬೆಂಚಿನ ಮೇಲೆ ನಿಲ್ಲಬೇಕಿತ್ತು. ಹಾಗಾಗಿ ನಮ್ಮೂರಿನ ಹುಡುಗರಿಗೆಲ್ಲ ಓಡುವ ಸೈಕಲ್ಲಿನಿಂದ ಇಳಿಯುವ ವಿದ್ಯೆ ಕರಗತ. ಎಡಗಾಲನ್ನು ಪೆಡಲಿನ ಮೇಲೆ ಊರಿ, ಬಲಗಾಲನ್ನು ಹಿಂದಿನಿಂದ ಬೀಸಿ ತಂದು, ಟಣ್ಣನೆ ನೆಲಕ್ಕೆ ಜಿಗಿಯುವುದು.

ಎದುರುಮನೆಯವರು ದಿನಾ ಸಂಜೆ ಬಂದು ಅಪ್ಪನೆದುರು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಹೊರಡುವಾಗ ಮೆಟ್ಟಿಲ ಹತ್ತಿರ ಒಮ್ಮೆ ನನಗೆ ಮೆಲ್ಲಗೆ ಹೇಳಿದರು, "ಶುಕ್ರವಾರ ಮಾತ್ರ ಸಾರ್‌ನ ಆ ಕಡೆ ಕರ್ಕೊಂಡು ಬರಬೇಡಿ ಸ್ವಾಮಿ. ಅವ್ರು ನಿಂತಿರೋವಾಗ ನಾನು ಸೀಟ್ ಮೇಲೆ ಕೂತಿರಕ್ಕಾಗುತ್ತಾ?"

ತಮಾಷೆಯೆಂದುಕೊಂಡೆ. ತಮಾಷೆಯೇ ಇರಬಹುದು... ಆದರೆ ನನಗೆ ಅಪ್ಪನಿಗೆ ತೋರಿಸುವ ಆಸೆ. ಯಾರಿಗೂ ಶಹಬ್ಬಾಸ್ ಅನ್ನದ ಮನುಷ್ಯ ಈ ಶಿಷ್ಯನನ್ನಾದರೂ ಹೊಗಳಲಿ ಎಂಬ ಆಸೆ. ಜೊತೆಗೆ ಎದುರುಮನೆಯವರ ಮುಖ ಹೇಗಾಗುತ್ತದೆ ನೋಡೋಣವೆಂಬ ತುಂಟತನವೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡ ಅಪ್ಪನನ್ನು ರಸ್ತೆಯ ಅಂಚಿನಲ್ಲಿ ನಿಲ್ಲಿಸಿದೆ. ದೂರದಿಂದ ಅವರು ಬಂದರು. ಎಷ್ಟು ಚೆನ್ನಾಗಿ ಬರುತ್ತಿದ್ದರು! ಅಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು, "ನಮ್ ಹುಡುಗನೇನೋ ಅದು? ಪರವಾಗಿಲ್ವಲ್ಲೋ," ಎಂದರು. ಅಪ್ಪನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ನಾನು ಕೈ ಬೀಸಿದೆ. ಅವರು ನನ್ನನ್ನು ನೋಡಿ ನಕ್ಕರು, ಆಮೇಲೆ ಪಕ್ಕದಲ್ಲಿ ಅಪ್ಪನನ್ನು ಕಂಡರು.

ಬಲಗಾಲು ಹಿಂದಕ್ಕೆ ಬೀಸಿತು. ಯೋಚಿಸಿ ಮಾಡಿದ್ದಲ್ಲ ಅದು. ಚಕ್ರ ಇನ್ನೂ ಜೋರಾಗಿ ಉರುಳುತ್ತಿತ್ತು. ಎಡಗಾಲ ಕೆಳಗಿನ ಪೆಡಲು ನಿಲ್ಲದೆ ಮೇಲಕ್ಕೆದ್ದು ಅವರನ್ನು ಎತ್ತಿ ಒಗೆಯಿತು. ಈ ಸೈಕಲ್ಲಿನಲ್ಲಿ ಕಾಲು ನಿಲ್ಲಿಸಬಾರದೆಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದವರು ಅವರೇ. ನಾವು ಓಡಿಹೋದಾಗ ಮೊಣಕಾಲು ತಿರುಗಬಾರದ ದಿಕ್ಕಿಗೆ ತಿರುಗಿತ್ತು. ರಸ್ತೆಯಲ್ಲಿ ಬಿದ್ದಲ್ಲಿಂದಲೇ ಅವರು ಎರಡೂ ಕೈ ಜೋಡಿಸಿದರು. "ನಮಸ್ಕಾರ ಸಾರ್," ಎಂದರು.

ಆಸ್ಪತ್ರೆಯಲ್ಲಿ ನರ್ಸು ಅವರ ವಾಚನ್ನೂ ಈ ಕ್ಲಿಪ್ಪನ್ನೂ ನನ್ನ ಕೈಗೆ ಕೊಟ್ಟಳು. ವಾಚನ್ನು ಅವರ ಹೆಂಡತಿಗೆ ತಲುಪಿಸಿದೆ, ಕ್ಲಿಪ್ಪು ಜೇಬಿನಲ್ಲೇ ಉಳಿಯಿತು.

ಮೂಳೆ ಕೂಡಿಕೊಂಡಿತು, ಮೊಣಕಾಲು ಮಾತ್ರ ಪೂರ್ತಿ ಮಡಚಲಿಲ್ಲ. ಮಡಚದ ಕಾಲಿಗೆ ಆ ಸೈಕಲ್ ಒಗ್ಗುವುದಿಲ್ಲ. ಅವರು ಅದನ್ನು ಬಾಲ್ಕನಿಯ ಮೂಲೆಯಲ್ಲಿ ನಿಲ್ಲಿಸಿ ಹಳೆಯ ಬೆಡ್‌ಶೀಟ್ ಹೊದಿಸಿದರು. ನಮ್ಮ ಮೇಲೆ ಒಂದು ಬಿರುನುಡಿಯಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅಪ್ಪ ಊರಿಗೆ ಹೊರಡುವ ಮುನ್ನಾದಿನ ಅವರು ಊರುಗೋಲಿನಲ್ಲಿ ಬಂದು ಕೂತರು. ಕಾಲು ನೇರವಾಗಿ ಅಪ್ಪನ ಕಡೆಗೇ ಚಾಚಿಕೊಂಡಿತ್ತು. ಅದರ ಮೇಲೊಂದು ಟವೆಲ್ ಹೊದಿಸಿಕೊಂಡು, "ನಿಮ್ಮ ಮುಂದೆ ಕಾಲು ಚಾಚಿದೀನಿ ಸಾರ್, ತಪ್ಪು ತಿಳ್ಕೋಬೇಡಿ," ಎಂದರು.

ಅಪ್ಪ ಎದ್ದು ಒಳಕ್ಕೆ ಹೋಗಿಬಿಟ್ಟರು. ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ನಿಂತು, "ನಾನು ಕಲಿಸಿದ್ದು ಕಣೋ ಅದು," ಎಂದರು. ಅಲ್ಲ ಅಪ್ಪಾ, ಕರೆದುಕೊಂಡು ಹೋದವನು ನಾನು ಎನ್ನಬೇಕಿತ್ತು.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಪ್ಪನ ಜೊತೆ ಪೇಟೆಬೀದಿಯಲ್ಲಿ ನಡೆಯುತ್ತಿದ್ದೆ. ಎದುರಿನಿಂದ ಸೈಕಲ್ ಮೇಲೆ ಒಬ್ಬ ಹುಡುಗ ಬಂದ. ಅಪ್ಪ ದೂರದಿಂದಲೇ ಕೈಯಾಡಿಸಿ, "ಇಳೀಬೇಡ, ಹೋಗು ಹೋಗು," ಎಂದರು. ಆದರೂ ಅವನು ಇಳಿದ. ಇನ್ನೊಬ್ಬ ಬರುವುದು ಕಂಡದ್ದೇ ಅಪ್ಪ ಸರಕ್ಕನೆ ಅಂಗಡಿಯ ಗೋಡೆಯತ್ತ ಮುಖ ತಿರುಗಿಸಿ, ಅವನು ದಾಟುವವರೆಗೂ ಅಲ್ಲೇ ನಿಂತರು. ಕೊನೆಯವರೆಗೂ ಹಾಗೆಯೇ ಮಾಡುತ್ತಿದ್ದರೆಂದು ಅಮ್ಮ ಹೇಳುತ್ತಿದ್ದಳು.

ಇದನ್ನು ಎದುರುಮನೆಯವರಿಗೆ ಹೇಳಬೇಕಿತ್ತು. ಕೇಳಿದರೆ ನೊಂದುಕೊಳ್ಳುತ್ತಾರೆಂದು ಮುಂದೂಡಿದೆ... ಮುಂದೂಡುತ್ತಿರುವಾಗಲೇ ಅವರಿಗೆ ವರ್ಗವಾಯಿತು, ನಾವೂ ಕುವೈತ್ ಬಿಟ್ಟೆವು. ಅವರು ತೀರಿಕೊಂಡರೆಂಬ ಸುದ್ದಿ ನನಗೆ ತಲುಪಿದ್ದೂ ತಡವಾಗಿ.

ಈಗ ನಾನಿರುವ ಬೀದಿಯಲ್ಲಿ ಶಾಲೆ ಬಿಡುವ ಹೊತ್ತಿಗೆ ಮಕ್ಕಳು ಸೈಕಲ್ ಮೇಲೆ ಗುಂಪುಗುಂಪಾಗಿ ಬರುತ್ತಾರೆ. ಯಾರನ್ನು ಕಂಡರೂ ಯಾರೂ ಇಳಿಯುವುದಿಲ್ಲ. ಮರ್ಯಾದೆಯೇ ಹೋಯಿತೆಂದು ನನ್ನ ವಾರಿಗೆಯವರು ಗೊಣಗುತ್ತಾರೆ. ಇವತ್ತು ಕ್ಲಿಪ್ಪನ್ನು ಕೈಯಲ್ಲಿಟ್ಟುಕೊಂಡು ಗೇಟಿನ ಹತ್ತಿರ ನಿಂತಿದ್ದೆ. ಮಕ್ಕಳ ಸೈಕಲ್ಲುಗಳು ಬರುವ ಸದ್ದಾದಾಗ, ಬೇಕಿಲ್ಲದಿದ್ದರೂ, ನಾನು ಗೋಡೆಯ ಕಡೆಗೆ ತಿರುಗಿ ನಿಂತೆ.