ಅವ್ವನ ಎದೆಯ ಪಟ

ನಮ್ಮ ಅವ್ವನ ಹೃದಯದ ಕವಾಟ ಕಿರಿದಾಗಿದೆ, ಅದಕ್ಕೇ ನಾಲ್ಕು ಹೆಜ್ಜೆಗೆ ಏದುಸಿರು ಎಂದು ಊರಿನ ಡಾಕ್ಟರು ಎದೆಬಡಿತ ಆಲಿಸಿ ಹೇಳಿದಾಗ ನನಗೆ ಮೊದಲು ಹೆದರಿಕೆಯಾಯಿತು. ವಾರ ಕಳೆಯುವಷ್ಟರಲ್ಲಿ, ಹೇಳಲು ನಾಚಿಕೆ, ಒಂಚೂರು ಜಂಬವೂ ಬಂತು. ಮಾನ್ವಿಯ ಚಹಾದಂಗಡಿಯಲ್ಲಿ ಬಿಪಿ, ಶುಗರಿನವರು ಬೇಕಾದಷ್ಟು ಮಂದಿ. ಕವಾಟದ ಮಾತೆತ್ತಿದರೆ ಮಾತ್ರ ಎಲ್ಲರೂ ಕಪ್ಪು ಕೆಳಗಿಟ್ಟು ಕೇಳುತ್ತಾರೆ.

ಕೇಳಿದವರು ಸುಮ್ಮನಿರುತ್ತಾರೆಯೇ? ಯಾವ ಪರೀಕ್ಷೆ ಮಾಡಬೇಕೆಂದು ಆರಿಸುವುದು ಡಾಕ್ಟರ ಕೆಲಸ ಎಂದು ನೀವು ತಿಳಿದಿರಬಹುದು. ನಮ್ಮ ಕಡೆ ಅದು ನೆಂಟರದು. ದೇವದುರ್ಗದ ಸೋದರಮಾವ ಫೋನಿನಲ್ಲೇ ತೀರ್ಪು ಕೊಟ್ಟ: "ಸಣ್ಣ ಮಿಷಿನ್ನ್ಯಾಗ ಏನ್ ಕಾಣ್ತದಲೇ? ಅಕ್ಕನ್ನ ದೊಡ್ಡದ್ರಾಗ ಮಲಗಸು. ಎಂಆರ್‌ಐ ಮಾಡಸು!" ನನಗೂ ಹೌದೆನಿಸಿತು. ಮದುವೆ ಊಟದಲ್ಲಿ ಬಂದದ್ದನ್ನೆಲ್ಲ ಬಡಿಸಿಕೊಳ್ಳುವ ಮನುಷ್ಯ ನಾನು.

ರಾಯಚೂರಿನ ಡಾಕ್ಟರಮ್ಮ ನಕ್ಕರು. ಯಂತ್ರ ದೊಡ್ಡದೋ ಸಣ್ಣದೋ ಮುಖ್ಯವಲ್ಲ, ನಮಗೆ ಏನು ತಿಳಿಯಬೇಕಾಗಿದೆ ಎಂಬುದು ಮುಖ್ಯ ಎಂದರು. ಮೊದಲು ಎದೆಯ ಮೇಲಿಂದ ಎಕೋ, ಅಂದರೆ ಶಬ್ದದ ಅಲೆಯಿಂದ ಹೃದಯದ ಪಟ ತೆಗೆಯುವುದು. ಅದರಲ್ಲಿ ಸರಿಯಾಗಿ ಕಾಣದಿದ್ದರೆ ಗಂಟಲೊಳಗೆ ನಳಿಕೆ ಇಳಿಸಿ ಹೃದಯವನ್ನು ಹಿಂದಿನಿಂದ ನೋಡುವ ಎಕೋ. ಆಪರೇಶನ್ ಎಂದು ನಿಶ್ಚಯವಾದರೆ ರಕ್ತನಾಳ ನೋಡಲು ಆಂಜಿಯೋಗ್ರಾಂ. ಎಂಆರ್‌ಐ ಸದ್ಯಕ್ಕೆ ಬೇಡ.

ನನ್ನ ಚಿಂತೆ ಬೇರೆಯೇ ಇತ್ತು. ಅವ್ವನ ಎದೆಯ ಮೇಲೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಕಲ್ಲೂರಿನ ತವರಲ್ಲಿ ದೀಕ್ಷೆಯಾದಾಗಿನಿಂದ ಅದು ಅವಳ ಮೈ ಬಿಟ್ಟದ್ದಿಲ್ಲ. ಎಕೋ ಮಾಡುವಾಕೆ "ಕೊರಳಾಗಿಂದು ತೆಗೀರಿ ಅಮ್ಮಾ" ಎಂದದ್ದೇ ತಡ, ನಾನು ಬಾಗಿಲಲ್ಲೇ ನಿಂತು ಅಂಗಕ್ಕೂ ಲಿಂಗಕ್ಕೂ ಇರುವ ಸಂಬಂಧದ ಮೇಲೆ ಉಪನ್ಯಾಸ ಶುರು ಮಾಡಿದೆ. ಆಕೆ ಪಾಪ, ಕೇಳುತ್ತಲೂ ಇದ್ದಳು. ಅಷ್ಟರಲ್ಲಿ ಅವ್ವ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು, ಖಾಲಿ ಕರಡಿಗೆಯನ್ನು ನನ್ನ ಕೈಗೆ ತುರುಕಿ, ಎಡ ಮಗ್ಗುಲಾಗಿ ಮಲಗಿಬಿಟ್ಟಿದ್ದಳು. ಎಡಗೈ ತಲೆಯ ಹತ್ತಿರ ಇರಬೇಕಂತೆ.

"ದಿನಾ ಪೂಜಿಯಾಗ ಅಂಗೈಯಾಗ ಹಿಡಿಯಂಗಿಲ್ಲೇನು? ಈಗ ನಮ್ಮ ದೇವ್ರು ತೆಲಿ ತನಕ ಏರ್ಯಾನ. ನೀ ಹೊರಗ ನಡಿಯಪ್ಪಾ, ಆಕಿ ಕೆಲಸ ಮಾಡ್ಲಿ" ಎಂದಳು.

ಆ ಪಟ ಮಸುಕಾಗಿ ಬಂತು. ನಳಿಕೆಯ ಎಕೋ ಬೇಕೇ ಆಯಿತು. ಮಂಪರು ಬರಿಸುತ್ತಾರೆ, ಮುಷ್ಟಿ ಬಿಚ್ಚೀತು ಎಂದು ಅವ್ವ ಈ ಸಲ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಂಡೇ ಬಂದಳು. ಯಾರನ್ನೂ ಕೇಳಿರಲಿಲ್ಲ. ನಳಿಕೆ ಅವಳ ಗಂಟಲಿಗೆ ಇಳಿಯುವ ಮೊದಲೇ ಹೊರಗೆ ನಾನು ಬೆವತಿದ್ದೆ.

ಪಟ ಸ್ವಚ್ಛವಾಗಿ ಬಂತು. ಕವಾಟ ತೀರಾ ಬಿಗಿದಿದೆ, ಬದಲಿಸಬೇಕು. ಆಪರೇಶನ್ನಿನಲ್ಲಿ ಅಪಾಯವಿದೆ, ಹಾಗೇ ಬಿಟ್ಟರೆ ಹೆಚ್ಚಿನ ಅಪಾಯ ಎಂದು ಡಾಕ್ಟರಮ್ಮ ನನಗೆ ವಿವರಿಸುತ್ತಿದ್ದರು. ಅವ್ವ ಕುರ್ಚಿ ಎಳೆದುಕೊಂಡು ಇಬ್ಬರ ನಡುವೆ ಕೂತಳು.

"ಯವ್ವಾ, ಎದಿ ನಂದು. ನನ್ನ ಕೂಡ ಮಾತಾಡ್ರಿ. ಆಪರೇಶನ್ ಆದ ಮ್ಯಾಲೆ ಕುರ್ಡಿ ಊರಾಗಿನ ನಮ್ಮ ಹೊಲಕ್ಕ ನಡಕೊಂಡು ಹೋಗಬೌದೇನ್ರಿ?"

"ಎಲ್ಲಾ ಸರಿಹೋದ್ರ ಹೋಗಬಹುದಮ್ಮಾ, ಸ್ವಲ್ಪ ದಿನ ಬಿಟ್ಟು."

"ಹಂಗಾರ ಮಾಡ್ರಿ. ನಾ ತಯಾರದೀನಿ."

ಹೊರಗೆ ಬರುವಷ್ಟರಲ್ಲಿ ದೇವದುರ್ಗದ ಫೋನು. "ಯಾರ್ ತೀರ್ಮಾನ ಮಾಡಿದ್ರಲೇ?" ಎಂದು ಮಾವ ಗದರಿದ. "ಅವ್ವ" ಎಂದೆ. ಕೇಳಿಸಲಿಲ್ಲ ಎಂದ. ಆಸ್ಪತ್ರೆಯ ಪಡಸಾಲೆಯಲ್ಲಿ ಕೂತವರೆಲ್ಲ ತಿರುಗಿ ನೋಡುವಂತೆ ಇನ್ನೊಮ್ಮೆ ಹೇಳಿದೆ.